ಕ್ಲಸ್ಟರ್ ತಲೆನೋವಿಗೆ ಸ್ಟಿರಾಯ್ಡ್ ಮೂಗಿನ ಸ್ಪ್ರೇ: ಕಟ್ಟಿದ ಮೂಗು ಬಿಡುತ್ತದೆ, ನೋವು ಬಿಡುವುದಿಲ್ಲ

ಫ್ಲೋಮಿಸ್ಟ್, ಮೆಟಾಸ್ಪ್ರೇ, ಅವಾಮಿಸ್: ಇವು ಅಲರ್ಜಿ ನೆಗಡಿಗೆ ಬರೆದುಕೊಡುವ ಸ್ಪ್ರೇಗಳು. ಕ್ಲಸ್ಟರ್ ತಲೆನೋವಿನವರ ಕೈಗೂ ಇವು ಬಂದು ಸೇರುತ್ತವೆ. ಕ್ಲಸ್ಟರ್ ಅಂದರೆ ಒಂದೇ ಕಡೆಯ ಕಣ್ಣಿನ ಸುತ್ತ ಬರುವ ಅತಿ ತೀವ್ರ ನೋವು; ಅದರ ಅಟ್ಯಾಕ್‌ಗಳು ವಾರಗಟ್ಟಲೆ ಸರಣಿಯಾಗಿ ಬರುತ್ತವೆ. ನೋವು ಬಂದ ಕಡೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಅದೇ ಕಡೆಯ ಹೊಳ್ಳೆ ಕಟ್ಟುತ್ತದೆ, ಇಲ್ಲವೇ ಸೋರುತ್ತದೆ. ನೋಡಿದವರು "ಸೈನಸ್ ಇರಬೇಕು" ಅನ್ನುತ್ತಾರೆ, ಸ್ಪ್ರೇ ಶುರುವಾಗುತ್ತದೆ. ಅಲರ್ಜಿಗೆ ಇದು ಬಹಳ ಒಳ್ಳೆಯ ಔಷಧ. ಆದರೆ ಕ್ಲಸ್ಟರ್ ಅಟ್ಯಾಕ್ ನಿಲ್ಲಿಸುತ್ತದೆ ಅಥವಾ ಬಾರದಂತೆ ತಡೆಯುತ್ತದೆ ಎನ್ನಲು ನೆಚ್ಚಬಹುದಾದ ಪುರಾವೆ ಇಲ್ಲ.

ಇಲ್ಲಿ ಮೂಗು ಕಟ್ಟುವುದು ಧೂಳಿನಿಂದಲೂ ಅಲ್ಲ, ಸೋಂಕಿನಿಂದಲೂ ಅಲ್ಲ. ಮುಖದ ಟ್ರೈಜೆಮಿನಲ್ ನರ ಕೆರಳಿದಾಗ ಅದರ ಪ್ರತಿಕ್ರಿಯೆಯಾಗಿ, ನಮ್ಮ ಹತೋಟಿಯಿಲ್ಲದೆ ತಾವಾಗಿಯೇ ಕೆಲಸ ಮಾಡುವ ಪ್ಯಾರಾಸಿಂಪಥೆಟಿಕ್ ನರಗಳು ಕಣ್ಣೀರು ಗ್ರಂಥಿಗೂ ಮೂಗಿನ ಒಳಪೊರೆಗೂ ಸೂಚನೆ ಕಳಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ಪೊರೆ ಊದುತ್ತದೆ, ನೀರಿಳಿಯುತ್ತದೆ. ಅಂದರೆ ಮೂಗು ಕಟ್ಟುವುದು ನೋವಿನ ಫಲ, ನೋವಿಗೆ ಕಾರಣವಲ್ಲ. ಕಾರಣದ ಬೇರು ಮೆದುಳಿನ ಆಳದಲ್ಲಿ ದೇಹದ ಗಡಿಯಾರ ನಡೆಸುವ ಹೈಪೋಥಲಾಮಸ್‌ನ ಕಡೆಗಿದೆ. ರಾತ್ರಿ ಮಲಗಿ ಒಂದೆರಡು ಗಂಟೆಗೆ, ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ನೋವು ಎಬ್ಬಿಸುವುದು ಅದಕ್ಕೇ.

ಹೊತ್ತಿನ ಲೆಕ್ಕವೂ ಕೂಡಿಬರುವುದಿಲ್ಲ. ಒಂದು ಅಟ್ಯಾಕ್ 15 ನಿಮಿಷದಿಂದ 180 ನಿಮಿಷದವರೆಗೆ ಇರುತ್ತದೆ. ಸ್ಟಿರಾಯ್ಡ್ ಸ್ಪ್ರೇ ಕೆಲಸ ಆರಂಭಿಸಲು ಗಂಟೆಗಳು ಬೇಕು, ಪೂರ್ತಿ ಹಿಡಿತ ಸಿಗಲು ಒಂದೆರಡು ವಾರ ಬೇಕು. ನೋವು ಏರುತ್ತಿರುವಾಗ ನಾಲ್ಕು ಸಲ ಹೆಚ್ಚಿಗೆ ಒತ್ತಿದರೆ ಗಂಟಲಿಗೆ ಇಳಿಯುತ್ತದೆ, ಅಷ್ಟೆ. ರಕ್ತಕ್ಕೆ ಸೇರುವ ಪಾಲೂ ತೀರಾ ಕಡಿಮೆ: ಫ್ಲುಟಿಕಾಸೋನ್ ಪ್ರೊಪಿಯೊನೇಟ್‌ನಲ್ಲಿ 2%ಕ್ಕಿಂತ ಕೆಳಗೆ. ಅಲರ್ಜಿಗೆ ಇದೇ ಅದರ ದೊಡ್ಡ ಗುಣ. ಮೆದುಳಿನ ಆಳದಿಂದ ಹೊರಡುವ ನೋವಿಗೆ ಇದೇ ಕೊರತೆ.

ಹಾಗಾದರೆ "ನನಗೆ ಸ್ಪ್ರೇಯಿಂದ ಹೋಯಿತು" ಅನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅಟ್ಯಾಕ್ ತಾನಾಗಿಯೇ ಮುಗಿಯುತ್ತದೆ, ಸರಣಿಯೂ ಸಾಮಾನ್ಯವಾಗಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಆರನೇ ವಾರ ಸ್ಪ್ರೇ ಶುರು ಮಾಡಿ ಎಂಟನೇ ವಾರ ನೋವು ನಿಂತರೆ ಹೆಸರು ಬರುವುದು ಸ್ಪ್ರೇಗೆ. ಮುಂದಿನ ವರ್ಷ ಸರಣಿ ಮರಳಿದಾಗ ಅದೇ ಬಾಟಲಿ ಹುಡುಕುತ್ತಾರೆ, ಸರಿಯಾದ ಔಷಧ ಇನ್ನೂ ಕೆಲವು ವಾರ ತಡವಾಗುತ್ತದೆ. ಆ ವಾರಗಳ ಒಂದೊಂದು ರಾತ್ರಿಯೂ ಎಂಥದ್ದೆಂದು ಈ ನೋವು ಬಲ್ಲವರಿಗೆ ಹೇಳಬೇಕಿಲ್ಲ.

ಸ್ಟಿರಾಯ್ಡ್ ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಕ್ಲಸ್ಟರ್‌ಗೆ ಸ್ಟಿರಾಯ್ಡ್ ಕೆಲಸ ಮಾಡುವುದು ನಿಜ, ಆದರೆ ಬೇರೆ ದಾರಿಯಲ್ಲಿ. 2021ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ ಪ್ರೆಡ್ನಿಸೋನ್ ಮಾತ್ರೆ 100 ಮಿ.ಗ್ರಾಂ ಐದು ದಿನ ಕೊಟ್ಟು, ಆಮೇಲೆ ಮೂರು ದಿನಕ್ಕೊಮ್ಮೆ 20 ಮಿ.ಗ್ರಾಂ ಇಳಿಸಿದರು. ಜೊತೆಗೆ ಎಲ್ಲರಿಗೂ ಅಟ್ಯಾಕ್ ಬಾರದಂತೆ ತಡೆಯುವ ವೆರಪಾಮಿಲ್ ಇತ್ತು. ಮೊದಲ ವಾರದ ಅಟ್ಯಾಕ್‌ಗಳ ಸರಾಸರಿ ಪ್ರೆಡ್ನಿಸೋನ್ ಪಡೆದವರಲ್ಲಿ 7.1, ಉಳಿದವರಲ್ಲಿ 9.5. ತಲೆಯ ಹಿಂಭಾಗದ ಆಕ್ಸಿಪಿಟಲ್ ನರದ ಬುಡಕ್ಕೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್‌ಗೂ ಒಳ್ಳೆಯ ಆಧಾರವಿದೆ. ಈ ಎರಡೂ ನರರೋಗ ತಜ್ಞರ ಕೈಯಲ್ಲಿ ಆಗಬೇಕಾದವು. ಸ್ಪ್ರೇಯ ದಿನದ 200 ಮೈಕ್ರೋಗ್ರಾಂ ಅನ್ನು ಮಾತ್ರೆಯ 100 ಮಿಲಿಗ್ರಾಂ ಜೊತೆ ಇಟ್ಟು ನೋಡಿದರೆ 500 ಪಟ್ಟು ಅಂತರ.

ಸ್ಪ್ರೇಗೆ ಜಾಗವೇ ಇಲ್ಲವೆಂದಲ್ಲ. ಕ್ಲಸ್ಟರ್ ಜೊತೆ ನಿಜವಾದ ಅಲರ್ಜಿಯೂ ಇದ್ದರೆ, ಅಂದರೆ ನೋವಿಲ್ಲದ ದಿನವೂ ಸಾಲು ಸೀನು, ತುರಿಕೆ, ಎರಡೂ ಹೊಳ್ಳೆ ಕಟ್ಟುವುದು ಇದ್ದರೆ, ಖಂಡಿತ ಬಳಸಿ. ಫ್ಲೋಮಿಸ್ಟ್ ಫ್ಲುಟಿಕಾಸೋನ್ ಪ್ರೊಪಿಯೊನೇಟ್, ಒಂದು ಒತ್ತಿಗೆ 50 ಮೈಕ್ರೋಗ್ರಾಂ. ಮೆಟಾಸ್ಪ್ರೇ ಮೊಮೆಟಾಸೋನ್, ಅದೂ 50. ಅವಾಮಿಸ್ ಫ್ಲುಟಿಕಾಸೋನ್ ಫ್ಯೂರೋಯೇಟ್, 27.5. ದೊಡ್ಡವರಿಗೆ ಆರಂಭದ ಡೋಸ್ ಸಾಮಾನ್ಯವಾಗಿ ಪ್ರತಿ ಹೊಳ್ಳೆಗೆ ಎರಡು ಒತ್ತು, ದಿನಕ್ಕೊಮ್ಮೆ. 120 ಒತ್ತಿನ ಬಾಟಲಿ 30 ದಿನ ಬರುತ್ತದೆ. ಪ್ರೊಪಿಯೊನೇಟ್ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಫೀನೈಲ್‌ಈಥೈಲ್ ಆಲ್ಕೋಹಾಲ್ ಇರುವುದರಿಂದ ಗುಲಾಬಿಯಂಥ ವಾಸನೆ ಬರುತ್ತದೆ. ಸರಣಿಯ ದಿನಗಳಲ್ಲಿ ವಾಸನೆಗೇ ಅಟ್ಯಾಕ್ ಕೆರಳುವವರು ವಾಸನೆಯಿಲ್ಲದ ಅವಾಮಿಸ್ ಕೇಳುವುದು ಮೇಲು. ಡ್ಯುಯೊನೇಸ್, ಫ್ಯೂರಾಮಿಸ್ಟ್ ಎಜಡ್ ತರಹದವುಗಳಲ್ಲಿ ಅಜೆಲಾಸ್ಟಿನ್ ಎಂಬ ಇನ್ನೊಂದು ಅಲರ್ಜಿ ಔಷಧ ಕೂಡ ಇರುತ್ತದೆ. ಬಾಯಿ ಕಹಿಯಾಗಬಹುದು, ಮಂಪರು ಬರಬಹುದು.

ಬಳಸುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಹೊಸ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಸಣ್ಣ ಮಂಜಿನಂತೆ ಬರುವವರೆಗೆ ಗಾಳಿಗೆ ಒತ್ತಿ. ಅವಾಮಿಸ್‌ಗೆ ಇದು ಸುಮಾರು ಆರು ಸಲ. ಮೂಗು ಸೀದಿ ಖಾಲಿ ಮಾಡಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ: ಹೀಗೆ ಹಿಡಿದರೆ ತುದಿ ತಾನಾಗಿಯೇ ಕಿವಿಯ ಕಡೆ ತಿರುಗುತ್ತದೆ. ನಡುಗೋಡೆಗೆ ನೇರ ಹೊಡೆದರೆ ಅಲ್ಲಿ ಒಣಗಿ, ಹಕ್ಕಳೆ ಕಟ್ಟಿ, ರಕ್ತ ಒಸರುತ್ತದೆ. ಮೆಲ್ಲಗೆ ಉಸಿರೆಳೆಯಿರಿ, ಜೋರಾಗಿ ಸೆಳೆದರೆ ಔಷಧ ಗಂಟಲಿಗೆ ಹೋಗುತ್ತದೆ. ಗ್ಲೂಕೋಮಾ, ಕಣ್ಣಿನ ಪೊರೆ ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಎಚ್‌ಐವಿಗೆ ರಿಟೊನಾವಿರ್ ತೆಗೆದುಕೊಳ್ಳುವವರಿಗೆ ಫ್ಲುಟಿಕಾಸೋನ್ ಬೇಡವೇ ಬೇಡ; ಅದು ದೇಹದಲ್ಲಿ ಶೇಖರವಾಗಿ, ಸ್ಟಿರಾಯ್ಡ್ ಅತಿಯಾದಾಗ ಬರುವ ಕುಶಿಂಗ್ ತೊಂದರೆ ತರುತ್ತದೆ.

ಮೆಡಿಕಲ್ ಶಾಪಿನಲ್ಲಿ ಬರೀ "ಮೂಗಿನ ಸ್ಪ್ರೇ" ಅಂದರೆ ಜೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್ ಕೈಗೆ ಬರಬಹುದು. ಅದು ಕೆಲವೇ ನಿಮಿಷದಲ್ಲಿ ಮೂಗು ಬಿಡಿಸುತ್ತದೆ, ನಾಲ್ಕೈದು ದಿನ ದಾಟಿದರೆ ತಾನೇ ಮೂಗು ಕಟ್ಟಿಸಲು ಶುರುಮಾಡುತ್ತದೆ. ಚೀಟಿಯ ಹೆಸರು ಓದಿ ಕೊಳ್ಳಿ.

ಮೂಗಿನ ದಾರಿಯಲ್ಲೇ ಅಟ್ಯಾಕ್‌ಗೆ ಮದ್ದು ಬೇಕೆಂದರೆ ಅದು ಟ್ರಿಪ್ಟಾನ್ ಸ್ಪ್ರೇ: ಸುಮಾಟ್ರಿಪ್ಟಾನ್ 20 ಮಿ.ಗ್ರಾಂ ಅಥವಾ ಜೊಲ್ಮಿಟ್ರಿಪ್ಟಾನ್ 5 ಮಿ.ಗ್ರಾಂ. ಕಟ್ಟಿದ ಹೊಳ್ಳೆಯಲ್ಲಿ ಔಷಧ ಹೀರುವುದಿಲ್ಲ, ಆದ್ದರಿಂದ ನೋವಿಲ್ಲದ ಕಡೆಯ ಹೊಳ್ಳೆಗೆ ಹಾಕಿ. ಒಂದೇ ಡೋಸಿನ ಯೂನಿಟ್ ಆಗಿದ್ದರೆ ಪರೀಕ್ಷೆಗೆಂದು ಒತ್ತಬೇಡಿ, ಔಷಧ ಅಲ್ಲಿಗೇ ಮುಗಿಯಿತು. ಸುಮಾಟ್ರಿಪ್ಟಾನ್ 6 ಮಿ.ಗ್ರಾಂ ಇಂಜೆಕ್ಷನ್ ಇದಕ್ಕಿಂತ ಚುರುಕು. ಹೃದಯದ ಕಾಯಿಲೆ, ಪಾರ್ಶ್ವವಾಯು ಆಗಿದ್ದವರಿಗೆ ಟ್ರಿಪ್ಟಾನ್ ಯಾವ ರೂಪದಲ್ಲೂ ಸಲ್ಲದು.

ಸ್ಪ್ರೇಗೆ ಹಾಕುವ ದುಡ್ಡನ್ನು ಆಕ್ಸಿಜನ್ ಕಡೆ ತಿರುಗಿಸಿ ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ನಿಮಿಷಕ್ಕೆ 12 ಲೀಟರ್, 15 ನಿಮಿಷ: 2009ರ ಬ್ರಿಟನ್ ಪ್ರಯೋಗದಲ್ಲಿ ಹೀಗೆ ಕೊಟ್ಟ ಅಟ್ಯಾಕ್‌ಗಳಲ್ಲಿ 78% ಹಿಡಿತಕ್ಕೆ ಬಂದವು, ಬರೀ ಗಾಳಿ ಕೊಟ್ಟಾಗ 20%. ಚೀಲವಿರುವ ನಾನ್-ರಿಬ್ರೀದರ್ ಮಾಸ್ಕ್ ಬೇಕು, ಮೂಗಿನ ನಳಿಕೆ ಸಾಲದು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ, ಅಂದರೆ ನಿಮಿಷಕ್ಕೆ 5 ಲೀಟರಿನ ಕಾನ್ಸೆಂಟ್ರೇಟರ್ ಕೂಡ ಸಾಲದು. ಸಿಒಪಿಡಿ ಎಂಬ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಹಚ್ಚಬಾರದು, ಹತ್ತಿರ ಬೀಡಿ, ಸಿಗರೇಟು, ದೀಪ ಯಾವುದೂ ಇರಬಾರದು. 1,500 ಲೀಟರ್ ಹಿಡಿಯುವ ಬಿ ಟೈಪ್ ಸಿಲಿಂಡರ್‌ನಲ್ಲಿ ಅಟ್ಯಾಕ್‌ಗೆ 180 ಲೀಟರಿನಂತೆ ಎಂಟು ಅಟ್ಯಾಕ್ ನಿಭಾಯಿಸಬಹುದು. ದಿನಕ್ಕೆ ಎರಡು ಬರುವವರಿಗೆ ನಾಲ್ಕು ದಿನ. ಹಾಗಾಗಿ ಬಾಡಿಗೆಗೆ ತರುವಾಗಲೇ ಎರಡು ಸಿಲಿಂಡರ್ ತನ್ನಿ, ಒಂದು ತುಂಬಿಸಲು ಹೋದಾಗ ಇನ್ನೊಂದು ಮಂಚದ ಪಕ್ಕದಲ್ಲಿರಲಿ.