ಆಲ್ಜಿನೇಟ್, ಕೈಟೊಸಾನ್, ಪಿಎಲ್‌ಜಿಎ: ಕಲಬುರಗಿ ಬಿಸಿಲಲ್ಲಿ ಯಾವುದು ತಡೆಯಿತು?

ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ನಾನು ಹಿಡಿದದ್ದು ನೋವಿನ ಮದ್ದು ಐಬುಪ್ರೊಫೆನ್. ಅದು ಒಮ್ಮೆಲೇ ಹೊರಬರದೆ ನಿಧಾನಕ್ಕೆ ಬರಬೇಕು, ಹಿಡಿದಿಟ್ಟ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಆಮೇಲೆ ತಾನೇ ಕರಗಿ ಹೋಗಬೇಕು. ಮಾರ್ಚ್‌ನಿಂದ ಮೇ ತನಕ ಕಲಬುರಗಿಯ ಲ್ಯಾಬ್‌ನಲ್ಲಿ ಮೂರು ಪಾಲಿಮರ್ ಹಿಡಿದು ನೋಡಿದೆ.

ಮೊದಲು ಸೋಡಿಯಂ ಆಲ್ಜಿನೇಟ್. ಕಡಲ ಪಾಚಿಯಿಂದ ತೆಗೆಯುವ ಪುಡಿ, ಅಗ್ಗ. ನೀರಲ್ಲಿ ಶೇ. 2ರಷ್ಟು ಕಲಸಿ, ಮದ್ದು ಬೆರೆಸಿ, ಸಿರಿಂಜ್‌ನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿ ಬಿಟ್ಟರೆ ಮುಗಿಯಿತು. ಬಿದ್ದ ಹನಿ ಅಲ್ಲೇ ಮಣಿಯಾಗುತ್ತದೆ. ಅಟೆಂಡರ್ ಅಣ್ಣ ಇಣುಕಿ, "ಸಾಬೂದಾಣಿ ಹಪ್ಪಳ ಮಾಡ್ಲಾಕತ್ತೀರೇನ್ರೀ?" ಅಂದರು. ಒಣಗಿದ ಮೇಲೆ ಸಾಸಿವೆಯಷ್ಟೇ. ಹೊಟ್ಟೆಯೊಳಗಿನಂಥ 1.2 ಪಿಎಚ್‌ನ ಆಮ್ಲದಲ್ಲಿ ಮುದುಡಿಕೊಂಡು ಸುಮ್ನೆ ಕೂತವು. ಆದರೆ ಕರುಳಿನೊಳಗಿನಂಥ 6.8 ಪಿಎಚ್‌ನ ಫಾಸ್ಫೇಟ್ ಬಫರ್ ದ್ರಾವಣಕ್ಕೆ ಹಾಕಿದಾಗ ಊದಿ, ಮೂರು ಗಂಟೆಯೊಳಗೆ ಲೋಳೆಯಾದವು. ಫಾಸ್ಫೇಟ್ ಮಣಿಯೊಳಗಿನ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಹೆಣಿಗೆ ಬಿಚ್ಚಿ ಹೋಗುತ್ತದೆ.

ಕೈಟೊಸಾನ್ ಸೀಗಡಿ, ಏಡಿ ಚಿಪ್ಪಿನಿಂದ ಬರುವುದು. ಅಸಿಟಿಕ್ ಆಮ್ಲದಲ್ಲಿ ಕರಗಿಸಬೇಕು, ಕೈಯೆಲ್ಲ ವಿನೆಗರ್ ವಾಸನೆ. ಒಂಟಿಯಾಗಿ ನನಗೆ ಕೆಲಸಕ್ಕೆ ಬರಲಿಲ್ಲ. ಹೊಟ್ಟೆಯ ಆಮ್ಲದಲ್ಲೇ ಕರಗುವ ಸ್ವಭಾವ ಅದರದು. ಅದೇ ಆಲ್ಜಿನೇಟ್ ಮಣಿಗೆ ಮೇಲ್ಹೊದಿಕೆ ಮಾಡಿದೆ ನೋಡಿ, ಬಫರ್‌ನಲ್ಲೂ ಮಣಿ ಜಾಸ್ತಿ ಹೊತ್ತು ಗಟ್ಟಿ ಉಳಿಯಿತು. ಒಂದಕ್ಕೆ ಋಣ, ಇನ್ನೊಂದಕ್ಕೆ ಧನ ವಿದ್ಯುದಂಶ, ಬಿಗಿಯಾಗಿ ಅಪ್ಪಿಕೊಳ್ಳುತ್ತವೆ.

ಕೃತಕ ಪಾಲಿಮರ್ ಪಿಎಲ್‌ಜಿಎ ಮೇಲೆ ನನಗೆ ಆಸೆ ಜಾಸ್ತಿ ಇತ್ತು. ಗ್ರಾಂಗೆ ಸಾವಿರಾರು ರೂಪಾಯಿ. ದೇಹದಲ್ಲಿ ಒಡೆದು ಲ್ಯಾಕ್ಟಿಕ್ ಆಮ್ಲ, ಗ್ಲೈಕೋಲಿಕ್ ಆಮ್ಲ ಆಗುತ್ತದೆ. ತಿಂಗಳಿಗೊಂದೇ ಸಲ ಚುಚ್ಚುವ ಪ್ರಾಸ್ಟೇಟ್ ಕ್ಯಾನ್ಸರ್ ಮದ್ದು ಲುಪ್ರಾನ್ ಡಿಪೋ 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಇದರ ಬಲದಿಂದಲೇ. ಆದರೆ ಇದನ್ನು ಕರಗಿಸಲು ನಾನು ಬಳಸಿದ್ದು ಡೈಕ್ಲೋರೊಮೀಥೇನ್. ಅದು ಕುದಿಯುವುದೇ ಸುಮಾರು 40 ಡಿಗ್ರಿಗೆ! ಮೇ ಮಧ್ಯಾಹ್ನ ನಮ್ಮೂರಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಮುಚ್ಚಳ ತೆಗೆದೊಡನೆ ಬಾಟಲಿ ಬುಸ್ ಅಂತು. ದ್ರಾವಕ ಗಡಬಡಿಸಿ ಹಾರಿಹೋಗಿ, ಆದ ಪಿಎಲ್‌ಜಿಎ ಪುಟ್ಟ ಗೋಲಿಗಳ ಮೈಯೆಲ್ಲ ತೂತು. ಮದ್ದಿನ ಪಾಲು ಜಾಸ್ತಿ ಮೊದಲ ದಿನವೇ ಹೊರಗೆ.

ಆಮೇಲೆ ಬೆಳಿಗ್ಗೆ ಆರಕ್ಕೇ ಹೋಗಿ, ಐಸ್ ಮೇಲೆ ಬೀಕರ್ ಇಟ್ಟು ಮಾಡಿದೆ. ಚಂದ ಬಂತು, ಬಿಳಿ ಪುಡಿ. ಅದನ್ನು ಮೇಜಿನ ಮೇಲೇ ಬಿಟ್ಟು ಊಟಕ್ಕೆ ಹೋದದ್ದು ನನ್ನ ದಡ್ಡತನ. ಬರೀ ಪಿಎಲ್‌ಜಿಎ ಮೆತ್ತಗಾಗುವುದು 45 ಡಿಗ್ರಿ ಮೇಲೆ, ಒಳಗೆ ಐಬುಪ್ರೊಫೆನ್ ಇದ್ದರೆ ಇನ್ನೂ ಕೆಳಗೇ. ರೊಟ್ಟಿ ತಿಂದು ಬರುವಷ್ಟರಲ್ಲಿ ಬೆಲ್ಲದ ಅಚ್ಚಿನ ಹಾಗೆ ಒಂದೇ ಗಟ್ಟಿ.

ನುಂಗುವ ಮದ್ದಿಗೆ, ನಮ್ಮಂಥ ಎಸಿ ಇಲ್ಲದ ಲ್ಯಾಬ್‌ಗೆ, ಕೈಟೊಸಾನ್ ಹೊದಿಸಿದ ಆಲ್ಜಿನೇಟೇ ಸೈ. ಪ್ರಾಜೆಕ್ಟ್‌ನಲ್ಲಿ ಅದನ್ನೇ ಬರೆದೆ. ವಾರಗಟ್ಟಲೆ ನಿಲ್ಲಬೇಕಾದ ಚುಚ್ಚುಮದ್ದಿಗೆ ಮಾತ್ರ ಆ ಮಣಿ ಸಾಲದು, ಪಿಎಲ್‌ಜಿಎನೇ ಬೇಕು. ಉಳಿದ ಚೂರು ಫ್ರೀಜರ್‌ನಲ್ಲಿದೆ. ಡಿಸೆಂಬರ್ ಬರಲಿ, ತೆಗೆಯುತ್ತೇನೆ.