ಐದು ತಿಂಗಳು ಬಾಡದ ಚೆಂಡುಹೂವು: ಗಾಡಿ ಬಿಟ್ಟು ಊರು ಬಿಡುವವರು ಓದಿ

ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಲೆಕ್ಕದಲ್ಲಿ ಗಾಡಿ ಇಟ್ಟುಕೊಳ್ಳುತ್ತೇವೆ, ಶೆಡ್ ಇದೆ, ಕ್ಯಾಮೆರಾ ಇದೆ, ಪ್ರತಿ ತಿಂಗಳು ಫೋಟೋ ಕಳಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಆ ಫೋಟೋ ನಂಬಬೇಡಿ. ನಾನು ನಂಬಿದೆ. ಐದು ಸಲ ನಂಬಿದೆ. ಹೂವಿನ ವ್ಯಾಪಾರಿ ಮಗನಾಗಿ, ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಬೆಳೆದು, ಹೂವಿನಿಂದಲೇ ಮೋಸ ಹೋದೆ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರಿಗೆ ಹೀಗಾಗಬಾರದು.

ಗಾಡಿ ನಂದಲ್ಲ, ಅಪ್ಪಂದು. 1994ರ ಯಮಹಾ ಆರ್‌ಎಕ್ಸ್ 100 ಬೈಕ್. ಈ ಗಾಡಿ ತಯಾರಾಗೋದು 1996ರಲ್ಲೇ ನಿಂತುಹೋಯಿತು, ಒರಿಜಿನಲ್ ಪಾರ್ಟ್ಸ್‌ಗೆ ಎಷ್ಟು ಅಲೆಯಬೇಕು ಅಂತ ಇಟ್ಟುಕೊಂಡವರಿಗೇ ಗೊತ್ತು. ಬೆಳಗಿನ ಜಾವ ಮೂರೂವರೆಗೆ ಎದ್ದು, ಹಿಂದೆ ಎರಡು ಮೂಟೆ ಸೇವಂತಿಗೆ ಕಟ್ಟಿಕೊಂಡು ಅಪ್ಪ ಇದರಲ್ಲೇ ಮಾರ್ಕೆಟ್‌ಗೆ ಹೋಗುತ್ತಿದ್ದರು. ನನ್ನ ಓದು, ತಂಗಿ ಮದುವೆ ಎಲ್ಲಾ ಈ ಗಾಡಿ ಮೇಲೇ ಬಂದಿದ್ದು. ಈಗ ಅಪ್ಪನಿಗೆ ಮಂಡಿನೋವು, ಕಿಕ್ ಹೊಡೆಯೋಕೆ ಆಗಲ್ಲ. ಆದರೂ ದಿನಾ ಬೆಳಗ್ಗೆ ಒಂದು ಬಟ್ಟೆ ತಗೊಂಡು ಒರೆಸುತ್ತಾರೆ.

ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಸದ್ಯಕ್ಕೆ ಬಾಡಿಗೆ ಮನೆ, ಮೊದಲ ಮಹಡಿ. ಕೆಳಗೆ ಓನರ್ ಕಾರು ನಿಲ್ಲುತ್ತೆ, ಗಲ್ಲಿಯಲ್ಲಿ ಸೈಕಲ್ ನಿಲ್ಲಿಸೋಕೂ ಜಾಗ ಇಲ್ಲ. ಅಷ್ಟರಲ್ಲಿ ನನ್ನನ್ನು ಕಂಪನಿಯವರು ಐದು ತಿಂಗಳಿಗೆ ಜರ್ಮನಿಗೆ ಹಾಕಿದರು, ಸ್ಟುಟ್‌ಗಾರ್ಟ್‌ಗೆ. ಗಾಡಿ ಎಲ್ಲಿ ಬಿಡೋದು ಅಂತ ಕೇಳುತ್ತಿರುವಾಗ ಒಬ್ಬ ಸ್ನೇಹಿತ ಹೆದ್ದಾರಿ ಕಡೆಯ ಈ ಜಾಗ ತೋರಿಸಿದ. ಹೆಸರು ಹಾಕುವುದಿಲ್ಲ.

ಹೋಗಿ ನೋಡಿದೆ. ತಗಡಿನ ಶೆಡ್, ಸಿಮೆಂಟ್ ನೆಲ, ಮೂವತ್ತು ಗಾಡಿ ಸಾಲಾಗಿ ನಿಂತಿದ್ದವು. ತಿಂಗಳಿಗೆ 700. ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಇಡೋಕೆ ಇನ್ನೂ 200. ಐದು ತಿಂಗಳಿಗೆ 4,500, ಪೂರ್ತಿ ಮುಂಗಡ. ಚೌಕಾಸಿ ಕೂಡ ಮಾಡಲಿಲ್ಲ. ಯಾಕೆ ಅಂದರೆ ಆ ಮನುಷ್ಯ ತನ್ನ ಹೆಗಲ ಮೇಲಿದ್ದ ಟವೆಲ್ ತೆಗೆದು ಟ್ಯಾಂಕ್ ಒರೆಸಿದ. "ಅಪ್ಪಾಜಿ ಗಾಡಿ ಅಂದ್ರೆ ದ್ಯಾವ್ರು ಇದ್ದಂಗೆ ಸಾಮಿ, ನಮ್ ಮನೆ ಗಾಡಿ ಥರ ನೋಡ್ಕೋತೀನಿ" ಅಂದ. ಆ ಟವೆಲ್‌ಗೆ ನಾನು ಬಿದ್ದೆ. ರಸೀದಿ ಕೊಟ್ಟ. ಅದರಲ್ಲಿ ಬರೆದಿದ್ದು ಇಷ್ಟೇ: "1 ಗಾಡಿ, 5 ತಿಂಗಳು, 4500 ಪಾವತಿ." ಶೆಡ್ ಅನ್ನೋ ಪದ ಇಲ್ಲ. ಆಗ ಗಮನಿಸಲಿಲ್ಲ.

ಬಿಟ್ಟಿದ್ದು ಆಯುಧ ಪೂಜೆಯ ಮಾರನೇ ದಿನ. ಇದು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ಹಿಂದಿನ ದಿನ ಅಪ್ಪನೇ ಕೈಯಾರೆ ಕಟ್ಟಿದ ಚೆಂಡುಹೂವಿನ ಹಾರ ಹ್ಯಾಂಡಲ್ ಮೇಲೆ ಇತ್ತು. ನಡುನಡುವೆ ಒಂದೊಂದು ಕೆಂಪು ರೋಜಾ. ಹೆಡ್‌ಲೈಟ್ ಮೇಲೆ ಕುಂಕುಮ. ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿಸಿ ಕೊಟ್ಟೆ. ಹಾರ ಇರಲಿ, ತಾನಾಗೇ ಒಣಗಿ ಬೀಳಲಿ ಅಂತ ಬಿಟ್ಟೆ.

ಅಕ್ಟೋಬರ್ ಕೊನೆಗೆ ಮೊದಲ ಫೋಟೋ ಬಂತು. ಶೆಡ್ ಒಳಗೆ ಗಾಡಿ, ಫಳಫಳ ಅಂತಿದೆ. ಖುಷಿಯಾಯಿತು. ನವೆಂಬರ್ ಕೊನೆಗೆ ಇನ್ನೊಂದು, ಎಡಗಡೆಯಿಂದ ತೆಗೆದದ್ದು. ಡಿಸೆಂಬರ್‌ನಲ್ಲಿ ಹಿಂದಿನಿಂದ. ಜೊತೆಗೆ ಒಂದು ಸಾಲು: "ಚಳಿ ಜಾಸ್ತಿ ಸಾಮಿ, ನಿಮ್ ಗಾಡಿ ಬೆಚ್ಚಗೈತೆ." ಜನವರಿ, ಫೆಬ್ರವರಿ ಕೂಡ ತಪ್ಪಲಿಲ್ಲ. ಎಂಥಾ ನಿಯತ್ತಿನ ಮನುಷ್ಯ ಅಂತ ನಾನು ಹೆಂಡತಿ ಹತ್ತಿರ ಹೊಗಳಿದ್ದೂ ಹೊಗಳಿದ್ದೇ.

ಆ ಕಡೆ ಜರ್ಮನಿಯಲ್ಲಿ ನನ್ನ ಜೊತೆ ಕೆಲಸ ಮಾಡುವವನೊಬ್ಬನಿಗೂ ಬೈಕ್ ಹುಚ್ಚು. ಅಲ್ಲಿ ಬೈಕ್‌ಗೆ ಕೆಲವು ತಿಂಗಳಿಗೆ ಮಾತ್ರ ರಿಜಿಸ್ಟ್ರೇಷನ್ ಮಾಡಿಸಬಹುದು. ಅವನ ನಂಬರ್ ಪ್ಲೇಟ್ ಅಂಚಲ್ಲೇ 04, 10 ಅಂತ ಬರೆದಿತ್ತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಓಡಿಸಬೇಕು, ಉಳಿದ ತಿಂಗಳು ರೋಡಲ್ಲಿ ನಿಲ್ಲಿಸೋ ಹಾಗೂ ಇಲ್ಲ. ಪಾಪ, ಅವನಿಗೆ ಗ್ಯಾರೇಜ್ ಇರಲಿಲ್ಲ. ಮನೆ ಹಿಂದಿನ ಅಂಗಳದಲ್ಲಿ ಬಯಲಲ್ಲೇ ಇಟ್ಟ. ಟ್ಯಾಂಕ್ ಪೂರ್ತಿ ತುಂಬಿಸಿದ, ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ತೇವ ಸೇರಲ್ಲ ಅಂತ. ಬ್ಯಾಟರಿ ಬಿಚ್ಚಿ ಮನೆಯೊಳಗೆ ತಗೊಂಡು ಹೋದ. ಚೈನ್‌ಗೆ ದಪ್ಪಗೆ ಗ್ರೀಸಿನಂಥದ್ದು ಬಳಿದ. ಗಾಳಿ ಆಡುವ ಬಟ್ಟೆಯ ಕವರ್ ಹಾಕಿ ಕೆಳಗೆ ಸ್ವಲ್ಪ ತೆರೆದೇ ಬಿಟ್ಟ. ಸೊನ್ನೆಗಿಂತ ಕೆಳಗಿನ ಚಳಿ, ಸೀಟ್ ಮೇಲೆ ಒಂದು ಗೇಣು ಹಿಮ. ನಾನು ಅವನಿಗೆ ಹೇಳಿದೆ: "ನಂದು ಶೆಡ್‌ನಲ್ಲಿದೆಯಪ್ಪ, ವಾರಕ್ಕೊಂದು ಸಲ ಸ್ಟಾರ್ಟ್ ಮಾಡ್ತಾರೆ." ಜಂಬ ಬೇರೆ.

ಅವನನ್ನು ನೋಡಿ ನಮ್ಮ ಶೆಡ್ಡಿನವನಿಗೆ ವಾಯ್ಸ್ ಮೆಸೇಜ್ ಹಾಕಿದೆ. ಅಣ್ಣ, ಬ್ಯಾಟರಿ ವೈರ್ ಬಿಚ್ಚಿ ಇಡ್ತೀರಾ ಅಂತ. ಉತ್ತರ ಬಂತು: "ನಮ್ಮೂರಲ್ಲಿ ಹಿಮ ಬೀಳುತ್ತಾ ಸಾಮಿ? ತಲೆ ಕೆಡಿಸ್ಕೋಬೇಡಿ." ನಕ್ಕು ಸುಮ್ಮನಾದೆ. ಡಿಸೆಂಬರ್‌ನಲ್ಲಿ ಒಂದು ಸಲ ವಿಡಿಯೋ ಕಾಲ್ ಮಾಡಿ ತೋರಿಸಿ ಅಂದೆ. "ತಗಡಿನ ಶೆಡ್ ಒಳಗೆ ಟವರ್ ಸಿಗಲ್ಲ ಸಾಮಿ" ಅಂದ. ನಾನೆಂಥಾ ಪೆದ್ದ ನೋಡಿ. ಟವರ್ ಸಿಗಲ್ಲ ಅಂದರೆ ಗಾಡಿ ಶೆಡ್ ಒಳಗೇ ಇದೆ ಅಂತ ಸಮಾಧಾನ ಮಾಡಿಕೊಂಡೆ!

ಅಪ್ಪ ಎರಡು ಸಲ ಫೋನಲ್ಲಿ ಕೇಳಿದ್ದರು: "ನಾನೇ ಆಟೋದಲ್ಲಿ ಹೋಗಿ ಒಂದು ಸಲ ನೋಡ್ಕೊಂಡು ಬರ್ಲೇನೋ?" ಮಂಡಿನೋವು ಇಟ್ಟುಕೊಂಡು ಯಾಕಪ್ಪ, ಫೋಟೋ ಬರ್ತಾ ಇದೆ, ಅಂದೆ. ಅಪ್ಪಂದು ಬಟನ್ ಫೋನ್. ಫೋಟೋ ಅವರಿಗೆ ಹೋಗಲಿಲ್ಲ. ಹೋಗಿದ್ದರೆ ಈ ಕಥೆ ನವೆಂಬರ್‌ಗೇ ಮುಗಿಯುತ್ತಿತ್ತು.

ಮಾರ್ಚ್ ಮೊದಲ ವಾರ ವಾಪಸ್ ಬಂದೆ. ರಾತ್ರಿ ಊಟ ಮಾಡುತ್ತಾ ಅಪ್ಪನಿಗೆ ಫೋಟೋಗಳನ್ನು ತೋರಿಸಿದೆ, ನೋಡಿ ಹೇಗಿಟ್ಟಿದ್ದಾರೆ ಅಂತ. ಅಪ್ಪ ಕನ್ನಡಕ ಹಾಕಿಕೊಂಡರು. ಒಂದು, ಎರಡು, ಮೂರು ನೋಡಿದರು. ಮತ್ತೆ ಮೊದಲಿಗೆ ಹೋದರು. ಗಾಡಿ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಇದು ಯಾವತ್ತಿಂದು ಅಂದೆ?"

"ಫೆಬ್ರವರಿ ಕೊನೆದು."

"ಈ ಹೂವು ಕಿತ್ತು ಎರಡು ದಿನ ಆಗಿಲ್ಲ ಕಣೋ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಫೋಟೋ ದೊಡ್ಡದು ಮಾಡಿ ನೋಡಿದೆ. ಅಕ್ಟೋಬರ್ ಫೋಟೋದಲ್ಲಿ ಚೆಂಡುಹೂವು ಅರಿಶಿನದ ಹಾಗೆ ಹಳದಿ. ಫೆಬ್ರವರಿ ಫೋಟೋದಲ್ಲೂ ಅದೇ ಹಳದಿ. ಎಡಗಡೆ ಎರಡನೇ ರೋಜಾದ ಒಂದು ಎಸಳು ಮಡಿಸಿಕೊಂಡಿದೆ, ಐದೂ ಫೋಟೋದಲ್ಲಿ ಅದೇ ಎಸಳು ಹಾಗೇ ಮಡಿಸಿಕೊಂಡಿದೆ. ಐದನ್ನೂ ಒಂದೇ ದಿನ ಸುತ್ತ ತಿರುಗಿ ತೆಗೆದು, ತಿಂಗಳಿಗೊಂದರಂತೆ ಕಳಿಸಿದ್ದಾನೆ. ನಾನು ಪ್ರತಿ ಸಲ ನೋಡಿದ್ದೇನೆ, ಪ್ರತಿ ಸಲ "ಥ್ಯಾಂಕ್ಸ್ ಅಣ್ಣ" ಅಂತ ಹಾಕಿದ್ದೇನೆ. ಐದು ತಿಂಗಳು ಬಾಡದ ಚೆಂಡುಹೂವು! ಹೂವು ಕೊಳೆತು ಹೋಗುತ್ತೆ ಅಂತ ನಸುಕಲ್ಲೇ ಮಾರ್ಕೆಟ್‌ಗೆ ಓಡುತ್ತಿದ್ದವರ ಮಗ ನಾನು.

ಬೆಳಗ್ಗೆ ಹೇಳದೆ ಕೇಳದೆ ಹೋದೆ. ಅಪ್ಪನೂ ಬಂದರು, ಬೇಡ ಅಂದರೂ ಕೇಳಲಿಲ್ಲ. ಶೆಡ್ ಒಳಗೆ ಈಗ ಕಾರುಗಳು. ನಮ್ಮ ಗಾಡಿ ಹಿಂದುಗಡೆ ಕಾಂಪೌಂಡ್ ಮೂಲೆಯಲ್ಲಿ, ಮಣ್ಣಲ್ಲಿ, ನೀಲಿ ಟಾರ್ಪಾಲ್ ಸುತ್ತಿ ಕೆಳಗೆ ನೈಲಾನ್ ಹಗ್ಗದಿಂದ ಬಿಗಿಯಾಗಿ ಕಟ್ಟಿ ಬಿದ್ದಿತ್ತು. ಹಗ್ಗದ ಗಂಟಿನ ಮೇಲೆ ಜೇಡ ಬಲೆ ಕಟ್ಟಿತ್ತು. ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿದ್ದು ಇದೇ ನೋಡಿ.

ಟಾರ್ಪಾಲ್ ಎಳೆದೆ. ಒಳಗಡೆಯಿಂದ ನೀರು ತೊಟ್ಟಿಕ್ಕಿತು. ಮಳೆ ನೀರಲ್ಲ, ಅವತ್ತು ಮಳೆಯೇ ಇರಲಿಲ್ಲ. ರಾತ್ರಿ ತಂಪಿಗೆ ಒಳಗಿನ ಹಬೆಯೇ ನೀರಾಗಿ ಪ್ಲಾಸ್ಟಿಕ್‌ಗೆ ಅಂಟಿಕೊಂಡಿರುತ್ತೆ. ನಮ್ಮ ಕಡೆ ಅಕ್ಟೋಬರ್, ನವೆಂಬರ್ ಪೂರ್ತಿ ಹಿಂಗಾರು ಮಳೆ. ಆಮೇಲೆ ನಂದಿ ಬೆಟ್ಟದ ಕಡೆಯಿಂದ ಇಳಿಯುವ ಮಂಜು, ಇಬ್ಬನಿ. ಹಗಲು ಬಿಸಿಲಿಗೆ ಒಳಗೆ ಬೇಯುತ್ತೆ, ರಾತ್ರಿ ಬೆವರುತ್ತೆ. ಗಾಳಿ ಆಡೋಕೆ ದಾರಿ ಇಲ್ಲ. ಕ್ರೋಮ್ ಮಡ್‌ಗಾರ್ಡ್ ಮೇಲೆ ಕಜ್ಜಿ ಎದ್ದ ಹಾಗೆ ತುಕ್ಕು. ಚೈನ್ ಒಂದೇ ಸರಳಿನ ಹಾಗೆ ಸೆಟೆದುಕೊಂಡಿದೆ. ಹಿಂದಿನ ಟೈರ್ ಚಪ್ಪಟೆ. ಕಿಕ್ ಒತ್ತಿದರೆ ಕಲ್ಲು. ಹ್ಯಾಂಡಲ್ ಮೇಲೆ ಅಪ್ಪ ಕಟ್ಟಿದ ಹಾರ ಹಾಗೇ ಇತ್ತು, ಕಪ್ಪಗೆ, ಲೋಳೆಯಾಗಿ ಒಣಗಿ ಕೇಬಲ್‌ಗೆ ಅಂಟಿಕೊಂಡು.

ಅಪ್ಪ ಏನೂ ಮಾತಾಡಲಿಲ್ಲ. ಜೇಬಿಂದ ಕರವಸ್ತ್ರ ತೆಗೆದು ಟ್ಯಾಂಕ್ ಒರೆಸೋಕೆ ನೋಡಿದರು. ಬಟ್ಟೆ ಕೆಂಪಗಾಯಿತು. ಮಡಚಿ ಮತ್ತೆ ಜೇಬಿಗೆ ಇಟ್ಟುಕೊಂಡರು.

ಈಗ ಆ ಪುಣ್ಯಾತ್ಮನ ಉತ್ತರಗಳನ್ನು ಕೇಳಿ. ಒಂದೊಂದೂ ನೆನಪಿದೆ, ನಿದ್ದೆಯಲ್ಲೂ ಬರುತ್ತವೆ.

ಹೊರಗೆ ಯಾಕಿಟ್ಟಿರಿ ಅಂದೆ. "ಹೊರಗೆ ಎಲ್ಲೈತೆ ಸಾಮಿ? ಕಾಂಪೌಂಡ್ ಒಳಗೇ ಐತಲ್ಲ."

ಶೆಡ್ ಒಳಗೆ ಅಂತ ಹೇಳಿ ದುಡ್ಡು ತಗೊಂಡಿದ್ದೀರಲ್ಲ ಅಂದೆ. "ರಸೀದಿಲಿ ಎಲ್ಲಿ ಬರ್ದೈತೆ ತೋರ್ಸಿ."

ಫೋಟೋ? "ಫೋಟೋ ಕಳ್ಸು ಅಂದ್ರಿ, ಕಳ್ಸಿದೆ. ಇವತ್ತೇ ತೆಗ್ದಿದ್ದು ಕಳ್ಸು ಅಂತ ಎಲ್ಲಿ ಅಂದ್ರಿ?"

ತುಕ್ಕು? "ಕಬ್ಬಿಣ ಅಂದ್ಮೇಲೆ ತುಕ್ಕು ಹಿಡೀದೆ ಹೂ ಬಿಡುತ್ತಾ? ಹಳೇ ಗಾಡಿ ಸಾಮಿ. ಕಳ್ತನ ಆಗಿಲ್ವಲ್ಲ, ಅದಕ್ಕೆ ಖುಷಿ ಪಡಿ."

ಕೊನೆಗೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆ. ತುಂಬಿಸಿ ಕೊಟ್ಟ ಪೆಟ್ರೋಲ್ ತಳ ಕಂಡಿತ್ತು. ಎಲ್ಲಿ ಹೋಯಿತು ಅಂದೆ. "ಬಿಸ್ಲು ಸಾಮಿ, ಆವಿಯಾಗಿರುತ್ತೆ."

ಆಗ ಅಪ್ಪ ಮೊದಲ ಸಲ ಬಾಯಿ ಬಿಟ್ಟರು: "ಶೆಡ್ ಒಳಗಿದ್ದ ಗಾಡಿಗೆ ಬಿಸಿಲು ಎಲ್ಲಿಂದ ಬಂತಪ್ಪ?" ಅವನು ತಲೆ ಕೆರೆದುಕೊಂಡು ಫೋನ್ ಬಂತು ಅಂತ ಆ ಕಡೆ ಹೋದ. ಫೋನ್ ರಿಂಗೇ ಆಗಿರಲಿಲ್ಲ.

ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ಟ್ಯಾಂಕ್‌ನಲ್ಲಿ ಉಳಿದಿದ್ದನ್ನು ಒಂದು ಖಾಲಿ ನೀರಿನ ಬಾಟಲಿಗೆ ಬಗ್ಗಿಸಿದ. ಕೆಳಗೆ ಎರಡು ಬೆರಳು ಕಂದು ನೀರು, ಮೇಲೆ ತೆಳ್ಳಗೆ ಪೆಟ್ರೋಲ್. "ಇದೇನಣ್ಣ, ರಾಗಿ ಅಂಬಲಿ ಥರ ಐತೆ" ಅಂದ. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಸೇರಿಸಿದ ಪೆಟ್ರೋಲ್. ಎಥನಾಲ್ ತೇವ ಎಳೆದುಕೊಳ್ಳುತ್ತೆ. ನೀರು ಜಾಸ್ತಿಯಾದರೆ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಟ್ಯಾಂಕ್ ತುಂಬಿದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲವಂತೆ. ಯಾರೋ ಪೈಪ್ ಹಾಕಿ ಎಳೆದುಕೊಂಡರು, ಖಾಲಿ ಟ್ಯಾಂಕ್ ಒಳಗೇ ಬೆವರಿ ತುಕ್ಕು ಹಿಡಿಯಿತು. ಅಂದರೆ ನನ್ನ ಪೆಟ್ರೋಲ್ ಕದ್ದಿದ್ದೂ ಅಲ್ಲದೆ, ಕದ್ದಿದ್ದಕ್ಕೇ ಟ್ಯಾಂಕ್ ಹಾಳಾಯಿತು. ಇನ್ನೊಂದು ವಿಷಯ ಆ ಮೆಕ್ಯಾನಿಕ್ಕೇ ಹೇಳಿದ. ವಾರಕ್ಕೊಂದು ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದೂ ಒಳ್ಳೇದಲ್ಲ, ಇಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರ್ ಒಳಗೆ ನೀರು ನಿಲ್ಲುತ್ತೆ. ಗಾಡಿಗೆ ಬೇಡದ ಕೆಲಸಕ್ಕೆ ನಾನು 1,000 ಕೊಟ್ಟಿದ್ದೆ. ಅದನ್ನೂ ಅವನು ಮಾಡಿರಲಿಲ್ಲ. ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಇಲ್ಲಿಯವರೆಗೆ ಖರ್ಚು 11,800. ಕ್ರೋಮ್ ಕೆಲಸ ಇನ್ನೂ ಬಾಕಿ.

ನನಗೆ ಸಿಟ್ಟು ಬರೋದು ಹೊರಗೆ ಇಟ್ಟಿದ್ದಕ್ಕಲ್ಲ. ನಿಜವಾಗಲೂ ಅಲ್ಲ. ಜರ್ಮನಿಯವನು ಹಿಮದಲ್ಲೇ ಇಟ್ಟಿದ್ದ. ಮೊನ್ನೆ ವಿಡಿಯೋ ಕಳಿಸಿದ, ಬ್ಯಾಟರಿ ಜೋಡಿಸಿ ಬಟನ್ ಒತ್ತಿದ, ಗಾಡಿ ಶುರುವಾಯಿತು. ಚಿಕ್ಕಬಳ್ಳಾಪುರದ ಚಳಿ ಎಂದರೆ ರಾತ್ರಿ 13, 14 ಡಿಗ್ರಿ, ಅದಕ್ಕೆ ನಮ್ಮ ಗಾಡಿ ಸತ್ತಿತು. ಶೆಡ್ಡಲ್ಲಿ ಜಾಗ ಇಲ್ಲ, ಹೊರಗೆ ಇಡ್ತೀನಿ ಅಂತ ಒಂದು ಮಾತು ಹೇಳಿದ್ದರೆ ನಾನು ಬೇರೆ ಕಡೆ ನೋಡುತ್ತಿದ್ದೆ. ಇಲ್ಲ ಅಂದರೆ ಕಾರ್ಬೊರೇಟರ್ ಖಾಲಿ ಮಾಡಿ, ಚೈನ್‌ಗೆ ಎಣ್ಣೆ ಬಳಿದು, ಬಟ್ಟೆ ಕವರ್ ತಂದುಕೊಟ್ಟು ಹೋಗುತ್ತಿದ್ದೆ. ಬೆಚ್ಚಗೈತೆ ಅಂದನಲ್ಲ, ಅದು ನನಗೆ ಸಹಿಸೋಕಾಗುತ್ತಿಲ್ಲ.

ಗಾಡಿ ಬಿಡಲೇಬೇಕು ಅನ್ನೋರು ರಸೀದಿಯಲ್ಲಿ "ಶೆಡ್ ಒಳಗೆ, ಸೂರಿನ ಕೆಳಗೆ" ಅಂತ ಬರೆಸಿ. ಬರೆಯಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಫೋಟೋ ಬೇಡ, ಅವತ್ತಿನ ಪೇಪರ್ ಸೀಟ್ ಮೇಲೆ ಇಟ್ಟು ವಿಡಿಯೋ ಮಾಡಿಸಿ. ಮನೆಯವರು ಹೋಗಿ ನೋಡ್ತೀನಿ ಅಂದರೆ, ದಯವಿಟ್ಟು, ಬೇಡ ಅನ್ನಬೇಡಿ. ಪ್ಲಾಸ್ಟಿಕ್ ಟಾರ್ಪಾಲ್ ಅಂತೂ ಹತ್ತಿರ ಸೇರಿಸಬೇಡಿ. ಮತ್ತೆ ಟವೆಲ್‌ನಿಂದ ಟ್ಯಾಂಕ್ ಒರೆಸುವವರನ್ನು ಕಂಡರೆ ಎರಡು ಹೆಜ್ಜೆ ದೂರ ನಿಲ್ಲಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹಾಕುತ್ತೇನೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಐದು ಫೋಟೋ, ಆ ಅಂಬಲಿ ಬಾಟಲಿ, ಕಪ್ಪಾದ ಹಾರ ಎಲ್ಲಾ ಎತ್ತಿಟ್ಟಿದ್ದೇನೆ. ಅದನ್ನು ತಿಳಿಸಿ ಅವನಿಗೆ ಮೆಸೇಜ್ ಹಾಕಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ಯುಗಾದಿ ದಿನ ಬೆಳಗ್ಗೆ ಅದೇ ನಂಬರಿನಿಂದ ಒಂದು ಫೋಟೋ ಬಂತು. ಹಬ್ಬದ ಶುಭಾಶಯ. ಮಾವಿನ ತೋರಣ, ಅದರ ಕೆಳಗೆ ಹಳದಿ ಚೆಂಡುಹೂವಿನ ಹಾರ. ಅಪ್ಪನಿಗೆ ತೋರಿಸಲಿಲ್ಲ.