ತೇಲುವ ನೀರುಚಕ್ರವೋ, ಮುಳುಗಿದ ಪ್ರೊಪೆಲ್ಲರೋ?

ಒಂದೇ ಹೊಳೆ, ಒಂದೇ ತೆಪ್ಪ, ಒಂದೇ ಜನರೇಟರ್. ಮೊದಲು ಹಲಗೆ ಚಕ್ರ ಕಟ್ಟಿ ನೋಡಿದೆ. ಆಮೇಲೆ ಅದನ್ನು ಬಿಚ್ಚಿ, ತೆಪ್ಪದ ಕೆಳಗೆ ಪ್ರೊಪೆಲ್ಲರ್ ಇಳಿಬಿಟ್ಟೆ. ಕರೆಂಟ್ ಜಾಸ್ತಿ ಕೊಟ್ಟಿದ್ದು ಪ್ರೊಪೆಲ್ಲರ್. ಆದರೂ ನಾನು ಉಳಿಸಿಕೊಂಡಿದ್ದು ಚಕ್ರವನ್ನೇ.

ಶುರುವಿಗೆ ನೀರಿನ ವೇಗ ಅಳೆದೆ. ಅರ್ಧ ನೀರು ತುಂಬಿದ ಬಾಟಲಿ ತೇಲಿಬಿಟ್ಟರೆ 10 ಮೀಟರ್ ದಾಟಲು 9 ಸೆಕೆಂಡ್ ಹಿಡಿಯಿತು. ಅಂದ್ರೆ ಸೆಕೆಂಡಿಗೆ 1.1 ಮೀಟರ್. ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಸೆಕೆಂಡಿಗೆ 1 ಮೀಟರ್ ಹರಿಯುವ ನೀರಲ್ಲಿ ಚದರ ಮೀಟರಿಗೆ 500 ವ್ಯಾಟ್ ಇದ್ದರೆ, 2 ಮೀಟರ್ ಹರಿಯುವಲ್ಲಿ 4000. ಅದರಲ್ಲಿ ಶೇ. 59ರಷ್ಟರ ಮೇಲೆ ಹಿಂಡಿ ತೆಗೆಯೋಕೆ ಆಗಲ್ಲ. ಚಪ್ಪಟೆ ಹಲಗೆಗೆ ಅದರ ಅರ್ಧವೂ ದಕ್ಕುವುದು ಕಷ್ಟ.

ಚಕ್ರದ ವ್ಯಾಸ 1.2 ಮೀಟರ್, ಎಂಟು ಹಲಗೆ. ಒಂದೊಂದೂ 1 ಮೀಟರ್ ಅಗಲ, ನೀರಿಗೆ ಮುಳುಗುವುದು 25 ಸೆಂಟಿಮೀಟರ್. ಅಕ್ಕಪಕ್ಕ ಪೀಪಾಯಿಗಳ ಸಾಲು. ಹೊಳೆ ಏರಲಿ ಇಳಿಯಲಿ, ಹಲಗೆ ಮುಳುಗುವ ಆಳ ಬದಲಾಗಲ್ಲ. ತೇಲಿಸುವುದರ ದೊಡ್ಡ ಲಾಭ ಇದೇ.

ತಲೆನೋವು ಇರುವುದು ಸುತ್ತುಗಳಲ್ಲಿ. ಹಲಗೆ ನೀರಿನಷ್ಟೇ ವೇಗವಾಗಿ ಓಡಿದರೆ ನೀರು ಅದನ್ನು ತಳ್ಳುವುದೇ ಇಲ್ಲ. ನೀರಿನ ವೇಗದ ಅರ್ಧಕ್ಕಿಂತ ನಿಧಾನ ಇದ್ದರೇ ಹೆಚ್ಚು ಶಕ್ತಿ ಸಿಗುವುದು. ಹಾಗಾಗಿ ನನ್ನ ಚಕ್ರ ನಿಮಿಷಕ್ಕೆ ಏಳು ಸುತ್ತು. ಜನರೇಟರಿಗೆ ಬೇಕಿದ್ದು 350! ಎರಡು ಹಂತದ ಚೈನು ಹಾಕಿ 50 ಪಟ್ಟು ಏರಿಸಿದೆ. ಮೊದಲನೇ ಚೈನಿನ ಮೇಲೆ ಬೀಳುವ ಎಳೆತ ಎಷ್ಟೆಂದರೆ, ಅಚ್ಚಿನ ಬೋಲ್ಟ್ ಎರಡೇ ದಿನಕ್ಕೆ ಬಾಗಿತು. ದಪ್ಪ ಬೋಲ್ಟ್ ಹಾಕಿದ ಮೇಲೆ ಸರಿಹೋಯ್ತು. ಬ್ಯಾಟರಿಗೆ ಸೇರಿದ್ದು ಸುಮಾರು 22 ವ್ಯಾಟ್.

ಪ್ರೊಪೆಲ್ಲರ್ 60 ಸೆಂಟಿಮೀಟರಿನದು. ಅದು ನಿಮಿಷಕ್ಕೆ ನೂರು ಸುತ್ತು ಸಲೀಸಾಗಿ ತಿರುಗಿತು. ಒಂದೇ ಬೆಲ್ಟ್ ಸಾಕಾಯ್ತು, ಕರೆಂಟೂ 40 ವ್ಯಾಟ್ ಹತ್ತಿರ. ಮೊದಲ ದಿನ ಖುಷಿಯೋ ಖುಷಿ. ಮಾರನೇ ಬೆಳಗ್ಗೆ ಹೋಗಿ ನೋಡಿದರೆ ನಿಂತುಬಿಟ್ಟಿದೆ. ಮೇಲೆತ್ತಿದೆ. ಉದ್ದುದ್ದ ಜೊಂಡು ಹಗ್ಗ ಹೊಸೆದ ಹಾಗೆ ಅಚ್ಚಿಗೆ ಸುತ್ತಿಕೊಂಡಿತ್ತು. ಒಳಗೊಂದು ಪ್ಲಾಸ್ಟಿಕ್ ಚೀಲ ಬಿಗಿದು, ನೀರು ತಡೆಯುವ ಸೀಲಿನೊಳಗೇ ನುಗ್ಗಿತ್ತು. ಚಾಕುವಿನಲ್ಲಿ ಕೊಯ್ದು ತೆಗೆಯಲು ಅರ್ಧ ಗಂಟೆ. ಮುಂದೆ ಜಾಲರಿ ಕಟ್ಟಿದೆ. ಕಸವೆಲ್ಲ ಜಾಲರಿಗೇ ಅಂಟಿ ಹರಿವು ತಗ್ಗಿತು. ಚಕ್ರಕ್ಕೂ ಇದೇ ಜೊಂಡು ಬರುತ್ತಿತ್ತು, ಆದರೆ ಹಲಗೆ ಮೇಲೇಳುವಾಗ ಅದು ತಾನಾಗಿ ಜಾರಿ ಬಿದ್ದುಹೋಗುತ್ತಿತ್ತು.

ಚಕ್ರಕ್ಕೆ ಭಯ ಮರದ ದಿಮ್ಮಿಯದು. ಇದು ಹಳೇ ಕಥೆ. ಕ್ರಿ.ಶ. 537ರಲ್ಲಿ ಗಾಥರು ಎಂಬ ಜರ್ಮನಿಕ್ ಜನ ರೋಮಿಗೆ ಮುತ್ತಿಗೆ ಹಾಕಿ, ಊರಿನ ಹಿಟ್ಟಿನ ಗಿರಣಿ ತಿರುಗಿಸುತ್ತಿದ್ದ ಮೇಲ್ಗಾಲುವೆಗಳನ್ನು ಕಡಿದಾಗ, ರೋಮನ್ ಸೇನಾಪತಿ ಬೆಲಿಸಾರಿಯಸ್ ಅಲ್ಲಿನ ಟೈಬರ್ ನದಿಯಲ್ಲಿ ಜೋಡಿ ದೋಣಿಗಳ ನಡುವೆ ಚಕ್ರ ಕಟ್ಟಿ ಹಿಟ್ಟು ಬೀಸಿಸಿದ. ಗಾಥರು ಮೇಲಿನಿಂದ ಮರಗಳನ್ನು ತೇಲಿಬಿಟ್ಟು ಚಕ್ರ ಮುರಿದರು. ಅವನು ನದಿಗೆ ಅಡ್ಡಲಾಗಿ ಸರಪಳಿ ಎಳೆಸಿದ. ನಾನೂ ತೆಪ್ಪದ ಮುಂದೆ ಓರೆಯಾಗಿ ಒಂದು ತೇಲುಗಂಬ ಕಟ್ಟಿದ್ದೇನೆ. ದಿಮ್ಮಿ ಬಂದರೆ ಪಕ್ಕಕ್ಕೆ ಸರಿದು ಹೋಗುತ್ತದೆ.

ನೀರು ತಿಳಿಯಾಗಿದ್ದು, ಆಳ ಒಂದೂವರೆ ಮೀಟರ್ ಇದ್ದರೆ ಪ್ರೊಪೆಲ್ಲರನ್ನೇ ಇಳಿಸಿ, ಅನುಮಾನ ಬೇಡ. ಕಸ ಬರುವ ಈ ಹೊಳೆಗೆ ಮಾತ್ರ ಚಕ್ರವೇ ಸರಿ. ಈಗ ಹಲಗೆಗಳನ್ನು ಒಂದೂವರೆ ಮೀಟರ್ ಅಗಲ ಮಾಡುತ್ತಿದ್ದೇನೆ. ವ್ಯಾಸ ಮುಟ್ಟಲ್ಲ. ಅದು ಹೆಚ್ಚಿದಷ್ಟೂ ಸುತ್ತು ಇನ್ನೂ ನಿಧಾನ ಆಗುತ್ತೆ, ಅಲ್ವಾ?